ಮದುವೆ ಮನೆಗೆ ಸೌಂಡ್ ಸೆಟ್: ಮೊದಲ ಬಂಡವಾಳದ ಲೆಕ್ಕ



ಕಾರ್ಯಕ್ರಮಗಳ ಚಿತ್ರೀಕರಣಕ್ಕೆಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಓಡಾಡುವಾಗ ನನಗೆ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ. ನಮ್ಮ ತಂಡದ ಮೈಕು, ವೈರು, ಪೆಟ್ಟಿಗೆಗಳನ್ನು ಕುತೂಹಲದಿಂದ ನೋಡುತ್ತಾ ನಿಲ್ಲುವ ಹುಡುಗರಲ್ಲಿ ಒಬ್ಬನಾದರೂ ಹತ್ತಿರ ಬಂದು ಅದನ್ನು ಕೇಳಿಯೇ ಕೇಳುತ್ತಾನೆ. ನಾಗಮಂಗಲದ ಕಡೆಯ ಒಬ್ಬ ಪದವಿ ವಿದ್ಯಾರ್ಥಿ ಕೇಳಿದ್ದು ಹೀಗೆ: "ಅರವತ್ತು ಸಾವಿರ ಐತೆ ಸಾರ್. ಮದ್ವೆಗಳ್ಗೆ ಡಿಜೆ ಮಾಡ್ಬೇಕು ಅಂತಿವ್ನಿ. ಯಾವ್ ಸೆಟ್ ತಗಳ್ಳಿ?"

ಆ ಹಣದಲ್ಲಿ ಅರ್ಧ ಅವನು ರಜೆಯಲ್ಲಿ ದುಡಿದು ಕೂಡಿಟ್ಟದ್ದು. ಇನ್ನರ್ಧ ಅವನ ತಾಯಿ ಸ್ವಸಹಾಯ ಸಂಘದಲ್ಲಿ ಎತ್ತಿದ ಸಾಲ. ಮೊಬೈಲಿನಲ್ಲಿ ಅವನು ತೋರಿಸಿದ ಚಿತ್ರದಲ್ಲಿ ಎದೆಮಟ್ಟದ ಎರಡು ಭಾರಿ ಪೆಟ್ಟಿಗೆಗಳಿದ್ದವು. ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ '5000 ವಾಟ್' ಎಂದು ಬರೆದಿತ್ತು. "ಸ್ವಲ್ಪ ತಡಿ, ಮೊದಲು ಕೂತು ಲೆಕ್ಕ ಹಾಕೋಣ" ಎಂದೆ. ಅಂದು ಅವನ ಜೊತೆ ಹಾಕಿದ ಲೆಕ್ಕವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನಿಮ್ಮ ಅಜ್ಜಂದಿರನ್ನು ಕೇಳಿ ನೋಡಿ. ಅವರ ಕಾಲದ ಮದುವೆಗೆ 'ಮೈಕ್ ಸೆಟ್' ಬರುತ್ತಿತ್ತು. ತೆಂಗಿನ ಮರಕ್ಕೆ ಕಟ್ಟಿದ ಒಂದು ಹಾರ್ನ್, ಕೆಳಗೊಂದು ಪುಟ್ಟ ಆಂಪ್ಲಿಫೈಯರ್. ಅಷ್ಟರಲ್ಲೇ ಪಕ್ಕದ ಊರಿಗೂ ಹಾಡು ಕೇಳುತ್ತಿತ್ತು. ಕೆಲವೇ ಹತ್ತು ವಾಟಿನ ಸಾಧನಕ್ಕೆ ಇದು ಹೇಗೆ ಸಾಧ್ಯವಾಯಿತು? ಉತ್ತರ ಭೌತಶಾಸ್ತ್ರದಲ್ಲಿದೆ. ಸ್ಪೀಕರಿಗೆ ಒಂದು ವಾಟ್ ವಿದ್ಯುತ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆಂದು ಅಳೆಯುತ್ತಾರೆ. ಇದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಹಾರ್ನಿನಲ್ಲಿ ಇದು ನೂರು ಡೆಸಿಬೆಲ್‌ಗಿಂತಲೂ ಹೆಚ್ಚಿರುವುದು ಸಾಮಾನ್ಯ. ಕೊಟ್ಟ ವಿದ್ಯುತ್ತನ್ನು ಅದು ಚೆನ್ನಾಗಿ ಶಬ್ದವಾಗಿಸುತ್ತದೆ. ತಗ್ಗಿನ ನಾದವನ್ನು ಮಾತ್ರ ಅದು ಹೊರಡಿಸಲಾರದು.

ಈಗ ಎರಡು ಸ್ಪೀಕರ್‌ಗಳನ್ನು ಹೋಲಿಸೋಣ. ಒಂದರ ಸೆನ್ಸಿಟಿವಿಟಿ 96 ಡೆಸಿಬೆಲ್, ಇನ್ನೊಂದರದು 90. ಮೊದಲನೆಯದಕ್ಕೆ 100 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 116 ಡೆಸಿಬೆಲ್ ಬರುತ್ತದೆ. ಎರಡನೆಯದರಿಂದ ಅಷ್ಟೇ ಶಬ್ದ ಬರಬೇಕಾದರೆ 400 ವಾಟ್ ಬೇಕು. ವಿದ್ಯುತ್ತನ್ನು ಎರಡು ಪಟ್ಟು ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಿದ್ಯುತ್ ಬೇಕು. ಹೀಗಿರುವಾಗ 500 ವಾಟ್ ಬಿಟ್ಟು 1000 ವಾಟಿಗೆ ಹೆಚ್ಚು ಹಣ ಸುರಿದರೆ ಸಿಗುವ ವ್ಯತ್ಯಾಸ ಎಷ್ಟು ಚಿಕ್ಕದು, ನೀವೇ ಯೋಚಿಸಿ.

ಪೆಟ್ಟಿಗೆಯ ಮೇಲಿನ ವಾಟನ್ನೂ ಪೂರ್ತಿ ನಂಬಬೇಡಿ. ಕ್ಷಣ ಮಾತ್ರ ತಡೆದುಕೊಳ್ಳುವ ಗರಿಷ್ಠ ಅಂಕಿಯನ್ನು ದೊಡ್ಡದಾಗಿ ಅಚ್ಚು ಹಾಕುವುದು ಈ ವ್ಯಾಪಾರದ ಹಳೆಯ ಅಭ್ಯಾಸ. ಅಂಗಡಿಯಲ್ಲಿ ಕೇಳಬೇಕಾದದ್ದು ಎರಡೇ ಪ್ರಶ್ನೆ: "ಆರ್‌ಎಂಎಸ್ ವಾಟ್ ಎಷ್ಟು? ಸೆನ್ಸಿಟಿವಿಟಿ ಎಷ್ಟು?" ಇವೆರಡೂ ಬರೆದಿಲ್ಲದ ಸ್ಪೀಕರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಇನ್ನು ಮದುವೆಯ ವಿಷಯಕ್ಕೆ ಬರೋಣ. ಚಪ್ಪರದ ದಿನ, ಆರತಕ್ಷತೆ, ಧಾರೆ, ಬೀಗರೂಟ, ಇವುಗಳಲ್ಲಿ ಜನ ಕುಣಿಯುವ ಹೊತ್ತು ಎಷ್ಟು? ಒಂದೋ ಎರಡೋ ಗಂಟೆ. ಉಳಿದ ಹೊತ್ತೆಲ್ಲ ಮಾತು, ಮಂತ್ರ, ಓಲಗ, ಭಾವಗೀತೆ, "ಕೆಎ 11 ನಂಬರಿನ ಕಾರು ಅಡ್ಡ ನಿಂತಿದೆ, ದಯಮಾಡಿ ತೆಗೆಯಿರಿ" ಎಂಬ ಪ್ರಕಟಣೆ. 'ಮೈಸೂರು ಮಲ್ಲಿಗೆ'ಯ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಕಿಕ್ಕೇರಿ ಇರುವುದು ಕೆ.ಆರ್.ಪೇಟೆ ತಾಲ್ಲೂಕಿನಲ್ಲೇ. ಅವರ ಗೀತೆಗಳನ್ನು ಮದುವೆ ಮನೆಯವರು ಇಂದಿಗೂ ಕೇಳಿ ಹಾಕಿಸುತ್ತಾರೆ. ಅಂಥ ಹಾಡಿನಲ್ಲಿ ಮಾತು ತಿಳಿಯದೆ ಬರೀ 'ಧುಮ್ ಧುಮ್' ಕೇಳಿದರೆ ಹಾಕಿಸಿದವರಿಗೆ ಏನು ಸುಖ? ಮೊದಲು ಕೊಳ್ಳಬೇಕಾದದ್ದು ಮಾತನ್ನು ಸ್ಪಷ್ಟವಾಗಿ ಕೇಳಿಸುವ ಸೆಟ್. ಕುಣಿತಕ್ಕೆ ಬೇಕಾದ ಬೇಸ್ ಪೆಟ್ಟಿಗೆಯನ್ನು ಆ ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರಬಹುದು.

ಅರವತ್ತು ಸಾವಿರವನ್ನು ನಾವು ಹಂಚಿದ್ದು ಹೀಗೆ. ಒಳಗೇ ಆಂಪ್ಲಿಫೈಯರ್ ಇರುವ 12 ಅಂಗುಲದ ಎರಡು ಸ್ಪೀಕರ್‌ಗಳಿಗೆ 32 ಸಾವಿರ. ಸಣ್ಣ ಮಿಕ್ಸರಿಗೆ 6 ಸಾವಿರ. ವೈರಿನ ಎರಡು ಡೈನಮಿಕ್ ಮೈಕುಗಳಿಗೆ 5 ಸಾವಿರ. ಸ್ಟ್ಯಾಂಡು, ಕೇಬಲ್, ಅವುಗಳನ್ನು ಇಡುವ ಪೆಟ್ಟಿಗೆಗೆ 8 ಸಾವಿರ. ವಿದ್ಯುತ್ ಸುರಕ್ಷತೆಯ ಬೋರ್ಡು ಮತ್ತು ಮಲ್ಟಿಮೀಟರಿಗೆ 4 ಸಾವಿರ. ಕೈಯಲ್ಲಿ ಮುಟ್ಟದೆ ಉಳಿಸಿಕೊಳ್ಳಲು 5 ಸಾವಿರ. ದರ ಅಂಗಡಿಯಿಂದ ಅಂಗಡಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನೀವು ಗಮನಿಸಬೇಕಾದದ್ದು ದರಪಟ್ಟಿಯನ್ನಲ್ಲ, ಪಾಲನ್ನು: ಅರ್ಧಕ್ಕೆ ತುಸು ಹೆಚ್ಚು ಸ್ಪೀಕರಿಗೆ, ಉಳಿದದ್ದರಲ್ಲಿ ಮಿಕ್ಕೆಲ್ಲವೂ.

"ಡಿಜೆ ಕಂಟ್ರೋಲರೇ ಇಲ್ವಲ್ಲ ಸಾರ್?" ಎಂದ ಹುಡುಗ ಸಪ್ಪೆ ಮುಖ ಮಾಡಿ. ಅವನ ಬಳಿ ಕಾಲೇಜಿಗೆಂದು ಕೊಂಡ ಲ್ಯಾಪ್‌ಟಾಪ್ ಇತ್ತು. ಎರಡು ಹಾಡುಗಳನ್ನು ತಾಳ ತಪ್ಪದೆ ಬೆಸೆಯಲು 'ಮಿಕ್ಸ್' ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಹಾಡುಗಳು ಫೋನಿನಲ್ಲೂ ಒಂದು ಪ್ರತಿ ಇರಲಿ, ಲ್ಯಾಪ್‌ಟಾಪ್ ಕೈಕೊಟ್ಟರೆ ಕೆಲಸ ನಿಲ್ಲದು. ನೆಂಟರಿಗೆ ಕೇಳುವುದು ಸ್ಪೀಕರೇ ಹೊರತು ನಿಮ್ಮ ಮುಂದಿನ ಗುಂಡಿಗಳಲ್ಲ. ಕಂಟ್ರೋಲರ್ ಎರಡನೆಯ ವರ್ಷದ ದುಡಿಮೆಯಲ್ಲಿ ಬರಲಿ.

ಬೇರೆ ಆಂಪ್ಲಿಫೈಯರ್, ಬೇರೆ ಸ್ಪೀಕರ್ ಕೊಳ್ಳಬಾರದೆ? ಕೊಳ್ಳಬಹುದು. ಕೆಟ್ಟರೆ ಊರ ರಿಪೇರಿಯವರ ಕೈಗೆ ಅದು ಸುಲಭ. ಆದರೆ ಓಮ್‌ನ ಲೆಕ್ಕ ತಿಳಿದಿರಬೇಕು. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್. ಕನಿಷ್ಠ 4 ಓಮ್ ಎಂದು ಬರೆದಿರುವ ಆಂಪ್ಲಿಫೈಯರಿಗೆ 2 ಓಮ್ ಹೊರಿಸಿದರೆ ಬೀಗರೂಟ ಮುಗಿಯುವ ಮೊದಲೇ ಹೊಗೆ ಬಂದೀತು. ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರಿನಲ್ಲಿ ಈ ಹೊಂದಾಣಿಕೆಯನ್ನು ತಯಾರಕರೇ ಮಾಡಿರುತ್ತಾರೆ. ಹೊಸಬರಿಗೆ ಅದು ಕ್ಷೇಮ.

ಹಳೆಯ ಸೆಟ್ ಕೊಳ್ಳುವುದಾದರೆ ಹಗಲಿನಲ್ಲಿ, ನಿಧಾನವಾಗಿ ನೋಡಿ ಕೊಳ್ಳಿ. ಸ್ಪೀಕರಿನ ಕಾಗದದ ಶಂಕುವನ್ನು ಎರಡೂ ಕೈಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿ. 'ಕರಕರ' ಎಂದರೆ ಒಳಗಿನ ಸುರುಳಿ ಉಜ್ಜುತ್ತಿದೆ ಎಂದರ್ಥ. ಬಿಡಿ ಸ್ಪೀಕರಾದರೆ ಮಲ್ಟಿಮೀಟರ್ ಇಟ್ಟು ನೋಡಿ. 8 ಓಮ್‌ನದು ಸುಮಾರು 6 ಓಮ್ ತೋರಿಸುತ್ತದೆ, ಸುಟ್ಟು ಕಡಿದದ್ದಾದರೆ ಏನೂ ತೋರಿಸದು. ಒಂದೂವರೆ ವೋಲ್ಟಿನ ಸಣ್ಣ ಸೆಲ್ಲನ್ನು ತುದಿಗಳಿಗೆ ಕ್ಷಣಕಾಲ ಮುಟ್ಟಿಸಿದರೆ ಶಂಕು 'ಟಪ್' ಎಂದು ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತದೆ. ಜೋಡಿ ಸ್ಪೀಕರ್‌ಗಳು ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದರ ವೈರು ತಿರುವುಮುರುವಾಗಿದ್ದರೆ ಅವುಗಳ ತಗ್ಗಿನ ನಾದ ಪರಸ್ಪರ ಕಳೆದುಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಸುರಕ್ಷತೆಯ 4 ಸಾವಿರವನ್ನು ಉಳಿಸಲು ಹೋಗಬೇಡಿ. ಚಪ್ಪರದ ನೆಲ ನೀರು ಚಿಮುಕಿಸಿ ಒದ್ದೆಯಾಗಿರುತ್ತದೆ. ಹಾಡುವ ಹೆಣ್ಣುಮಕ್ಕಳು, ಪುರೋಹಿತರು ಬರಿಗಾಲಲ್ಲಿ ನಿಂತು ಲೋಹದ ಮೈಕು ಹಿಡಿಯುತ್ತಾರೆ. ಅರ್ಥಿಂಗ್ ಇಲ್ಲದೆ, ಸಲಕರಣೆಯಲ್ಲಿ ಎಲ್ಲೋ ವಿದ್ಯುತ್ ಸೋರಿದರೆ ಏನಾದೀತೆಂದು ನಾನು ಬಿಡಿಸಿ ಹೇಳಬೇಕಿಲ್ಲ. 30 ಮಿಲಿ ಆಂಪಿಯರ್ ಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಆರ್‌ಸಿಸಿಬಿ ಇರುವ ಬೋರ್ಡನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಕಟ್ಟಿಸಿ. ಛತ್ರದಲ್ಲಾಗಲಿ ಜನರೇಟರಿನಲ್ಲಾಗಲಿ, ಪ್ಲಗ್ ಹಾಕುವ ಮುನ್ನ ವೋಲ್ಟೇಜ್ ಅಳೆಯಿರಿ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ವೈರು ಕಳಚಿದ್ದರೆ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರಕ್ಕೂ ಏರಬಹುದು. ಒಂದು ನಿಮಿಷದ ಈ ಪರೀಕ್ಷೆ ಅರವತ್ತು ಸಾವಿರವನ್ನೂ ಒಂದು ಜೀವವನ್ನೂ ಉಳಿಸೀತು.

ನಾನೂ ತಪ್ಪು ಮಾಡಿಯೇ ಕಲಿತವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಛತ್ರದಲ್ಲಿ ಧ್ವನಿಮುದ್ರಣ ಮಾಡುವಾಗ, ನೋಡಲು ಅಚ್ಚುಕಟ್ಟಾಗಿರಲಿ ಎಂದು ಮೈಕಿನ ವೈರನ್ನೂ ಜನರೇಟರಿನ ವೈರನ್ನೂ ಸೇರಿಸಿ ಕಟ್ಟಿಸಿದ್ದೆ. ಧ್ವನಿಯ ತುಂಬ 'ಗುಂಯ್' ಎನ್ನುವ 50 ಹರ್ಟ್ಸ್ ನಾದ. ಎರಡನ್ನೂ ಮೂರಡಿ ದೂರ ಎಳೆದಾಗ ಅದು ನಿಂತಿತು. ಮೈಕು 'ಕುಂಯ್' ಎಂದು ಕಿರುಚುವುದು ಇನ್ನೊಂದು ಬಗೆ. ಸ್ಪೀಕರಿನ ಶಬ್ದ ಮೈಕಿಗೆ ಹೊಕ್ಕು, ದೊಡ್ಡದಾಗಿ ಹೊರಬಂದು, ಮತ್ತೆ ಹೊಗುವ ಸುತ್ತಾಟ ಅದು. ಸ್ಪೀಕರ್‌ಗಳು ಯಾವಾಗಲೂ ಮೈಕಿಗಿಂತ ಮುಂದೆ, ತಲೆಗಳಿಗಿಂತ ಎತ್ತರದಲ್ಲಿ ಇರಲಿ.

ಕಿವಿಯ ಲೆಕ್ಕವೂ ಉಂಟು. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎನ್ನುತ್ತಾರೆ ತಜ್ಞರು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಕೇವಲ ಹದಿನೈದು ನಿಮಿಷ! ನೆಂಟರು ಉಂಡು ಹೋಗುತ್ತಾರೆ, ನೀವು ಪ್ರತಿ ಲಗ್ನದಲ್ಲೂ ಅಲ್ಲೇ ನಿಲ್ಲುವವರು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕೆಲವೇ ರೂಪಾಯಿಯ ಕಿವಿಬಿರಡೆ ಜೇಬಿನಲ್ಲಿರಲಿ. ಕಾನೂನೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯವಾಗಬಹುದು. ರಂಗನತಿಟ್ಟಿನಂಥ ಪಕ್ಷಿಧಾಮದ ಬಳಿ ಕೆಲಸವಿದ್ದರೆ, ನಿಯಮ ಕೇಳಲಿ ಬಿಡಲಿ, ಸ್ಪೀಕರಿನ ಮುಖವನ್ನು ಆ ಕಡೆಗೆ ತಿರುಗಿಸದಿರುವುದು ಒಳ್ಳೆಯತನ.

ಕೊನೆಯದಾಗಿ ಆ 5 ಸಾವಿರದ ಮಾತು. ಅದನ್ನೂ ಸ್ಪೀಕರಿಗೇ ಹಾಕೋಣ ಎಂದು ಹುಡುಗ ಹಟ ಹಿಡಿದ. "ಆಷಾಢದಲ್ಲಿ ಮದುವೆ ಉಂಟೇನಪ್ಪಾ?" ಎಂದೆ. ಇಲ್ಲ. ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಅಧಿಕ ಮಾಸ ಬಂದ ವರ್ಷ ಇನ್ನೂ ಒಂದು ತಿಂಗಳು ಖಾಲಿ. ಸಂಘದ ಕಂತಿಗೆ ಮಾತ್ರ ಆಷಾಢವಿಲ್ಲ. ತಿಂಗಳ ಕಂತು 2,500 ರೂಪಾಯಿ ಎಂದಿಟ್ಟುಕೊಂಡರೆ, ಎರಡು ಖಾಲಿ ತಿಂಗಳಿಗೆ ಸರಿಯಾಗಿ 5 ಸಾವಿರ. ಆ ಹಣವಿಲ್ಲದಿದ್ದರೆ ಸಂಘದ ಸಭೆಯಲ್ಲಿ ಹತ್ತು ಜನರ ಮುಂದೆ ತಲೆ ತಗ್ಗಿಸುವವರು ಯಾರು? ಅವನ ತಾಯಿ. ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ 'ಶಿಶು' ವಿಭಾಗದಡಿ 50 ಸಾವಿರದವರೆಗೆ ಅಡಮಾನವಿಲ್ಲದ ಸಾಲವಿದೆ. ಆದರೆ ಅಲ್ಲಿಯೂ ಕಂತು ಕಂತೇ.

ಅದಕ್ಕಾಗಿ ನಾನು ಕೇಳಿಕೊಂಡದ್ದು ಇಷ್ಟು: ಒಂದು ಲಗ್ನದ ಕಾಲ ಹಳೆಯ ಮೈಕ್ ಸೆಟ್ಟಿನವರ ಜೊತೆ ಕೆಲಸ ಮಾಡು, ಬಾಡಿಗೆ ಸೆಟ್ಟಿನಲ್ಲಿ ಮೂರು ಮದುವೆ ನಡೆಸು. ಏನು ಬೇಕು, ಏನು ಬೇಡ ಎಂಬುದು ಆಗ ನಿನಗೇ ತಿಳಿಯುತ್ತದೆ. ಲಗ್ನವಿಲ್ಲದ ತಿಂಗಳಲ್ಲಿ ಗಣೇಶನ ಪೆಂಡಾಲು, ನವೆಂಬರಿನ ರಾಜ್ಯೋತ್ಸವ, ಡಿಸೆಂಬರಿನ ಶಾಲಾ ವಾರ್ಷಿಕೋತ್ಸವಗಳಿವೆ. ಅಲ್ಲೆಲ್ಲ ಬೇಕಾದದ್ದು ಸ್ಪಷ್ಟ ಮಾತಿನ ಸಣ್ಣ ಸೆಟ್ಟೇ.

ಅವನು ಹಾಗೆಯೇ ಮಾಡಿದ. ಬಾಡಿಗೆಯ ಮೂರನೆಯ ಮದುವೆ ಪಾಂಡವಪುರದ ಕಡೆಯದು. ಅದು ಮುಗಿದ ಮೇಲೆಯೇ ಸ್ಪೀಕರ್ ಕೊಂಡ. ಮುಂದಿನ ಆಷಾಢದಲ್ಲಿ ಒಂದು ಸಂಜೆ ಫೋನು ಬಂತು. ಹೊಸ ಬೇಸ್ ಪೆಟ್ಟಿಗೆಯ ಸುದ್ದಿಯಿರಬೇಕು ಎಂದುಕೊಂಡೆ. "ಈ ತಿಂಗ್ಳುದು ಕಂತು ಕಟ್ದೆ ಸಾರ್. ಅವ್ವನ್ ಕೈಲೇ ಕೊಟ್ಟು ಕಟ್ಟುಸ್ದೆ" ಎಂದಷ್ಟೇ ಹೇಳಿ ಇಟ್ಟ.

ನಿಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮಲ್ಟಿಮೀಟರ್ ಇದ್ದೇ ಇರುತ್ತದೆ. ಅಧ್ಯಾಪಕರ ಅನುಮತಿ ಪಡೆದು, ಒಂದು ಹಳೆಯ ಸ್ಪೀಕರಿಗೆ ಅದನ್ನು ಇಟ್ಟು ನೋಡಿ. ಈ ಉದ್ಯೋಗದ ಮೊದಲ ಪಾಠ ಅಲ್ಲಿಯೇ, ಖರ್ಚಿಲ್ಲದೆ ದೊರೆಯುತ್ತದೆ.