ನಮ್ಮೂರ ನಿಲ್ದಾಣವನ್ನು ಎಂಟಡಿಯಲ್ಲಿ ಕಟ್ಟೋಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರೈಲಿನ ಮಾದರಿ ಕಟ್ಟುವುದು ನನ್ನ ಹವ್ಯಾಸ. ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕರೆದಿದ್ದೀರಿ. ಕೊನೆಯಲ್ಲಿ ಒಂದು ಕೋರಿಕೆಯೂ ಇದೆ.

ಜಾತ್ರೆಯಲ್ಲಿ ಸಿಗುವ ಆಟಿಕೆ ರೈಲಿಗೆ ಅಳತೆಯ ಹಂಗಿಲ್ಲ. ಮಾದರಿ ರೈಲು ಹಾಗಲ್ಲ. ಇಂಜಿನ್, ಹಳಿ, ಮನೆ, ಮರ, ಮನುಷ್ಯ ಎಲ್ಲವೂ ಒಂದೇ ಅನುಪಾತದಲ್ಲಿ ಕುಗ್ಗಬೇಕು. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅನುಪಾತ 1:87. ಇದನ್ನು ಎಚ್‌ಒ ಎನ್ನುತ್ತಾರೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ‘ಮಿನಿಯಾಟುರ್ ವಂಡರ್‌ಲ್ಯಾಂಡ್’ ಎಂಬ ದೊಡ್ಡ ಪ್ರದರ್ಶನವೂ ಇದೇ ಅಳತೆಯದು.

ಮಕ್ಕಳೇ, ನಿಮ್ಮ ಗಣಿತದ ಪುಸ್ತಕದ ಅನುಪಾತದ ಪಾಠವೇ ಇಲ್ಲಿ ಕೆಲಸಕ್ಕೆ ಬರುವುದು. 165 ಸೆಂ.ಮೀ. ಎತ್ತರದ ಮನುಷ್ಯ 19 ಮಿ.ಮೀ. ಆಗುತ್ತಾನೆ. 18 ಮೀಟರ್ ತೆಂಗಿನ ಮರ ಸುಮಾರು 21 ಸೆಂ.ಮೀ. ಆಗುತ್ತದೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿ.ಮೀ.; ಕುಗ್ಗಿಸಿದರೆ 19 ಮಿ.ಮೀ.ಗೆ ಸ್ವಲ್ಪ ಹೆಚ್ಚು. ಆದರೆ ಎಚ್‌ಒ ಮಾದರಿಗೆ ಸಾಮಾನ್ಯವಾಗಿ ಸಿಗುವ ಹಳಿಯ ಅಂತರ 16.5 ಮಿ.ಮೀ. ಅದು ಯುರೋಪು, ಅಮೆರಿಕದ 1435 ಮಿ.ಮೀ. ಹಳಿಗೆ ಹೊಂದುವಂಥದ್ದು. ನಮ್ಮ ಗಾಡಿಯನ್ನು ಅದರ ಮೇಲೆ ನಿಲ್ಲಿಸಿದರೆ ಕಾಲು ಕಿರಿದಾದಂತೆ ಕಾಣುತ್ತದೆ. ಮೀಟರ್‌ಗೇಜ್‌ಗೆ ಈ ತೊಡಕಿಲ್ಲ. 1000 ಮಿ.ಮೀ. ಕುಗ್ಗಿ 11.5 ಆಗುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಬೆಟ್ಟದ ಮೀಟರ್‌ಗೇಜ್ ರೈಲುಗಳ ಮಾದರಿಗೆಂದು ಬರುವ 12 ಮಿ.ಮೀ. ಹಳಿ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇನ್ನು ಕಟ್ಟುವ ಬಗೆ. ರೀಪರಿನ ಚೌಕಟ್ಟಿನ ಮೇಲೆ ಪ್ಲೈವುಡ್ ಹಾಕಿ, ರಸಮಟ್ಟ ಇಟ್ಟು ನೋಡಬೇಕು. ಅದರ ಮೇಲೆ ತೆಳು ಕಾರ್ಕ್, ಕಾರ್ಕಿನ ಮೇಲೆ ಹಳಿ. ಕಾರ್ಕ್ ಇದ್ದರೆ ಸದ್ದು ಕಡಿಮೆ. 12 ವೋಲ್ಟಿನ ಕರೆಂಟು ಹಳಿಯಲ್ಲೇ ಹರಿದು ಚಕ್ರದ ಮೂಲಕ ಮೋಟರಿಗೆ ಸೇರುವುದರಿಂದ ಹಳಿಯ ನೆತ್ತಿ ಸದಾ ಶುಚಿಯಾಗಿರಬೇಕು. ಹಳಿಗಳ ನಡುವೆ ಜಲ್ಲಿಯ ಬದಲು ಜರಡಿ ಹಿಡಿದ ಕಲ್ಲುಪುಡಿ. ಮೊದಲು ಅದರ ಮೇಲೆ ಅಯಸ್ಕಾಂತ ಆಡಿಸಿ ನೋಡಬೇಕು. ಕಬ್ಬಿಣದ ಕಣವಿದ್ದರೆ ಮೋಟರು ಎಳೆದುಕೊಳ್ಳುತ್ತದೆ. ಪುಡಿಯನ್ನು ಕುಂಚದಿಂದ ಹರಡಿ, ಒಂದು ಹನಿ ಸೋಪು ಬೆರೆಸಿದ ನೀರು ಚಿಮುಕಿಸಿ, ತೆಳುಮಾಡಿದ ಫೆವಿಕಾಲನ್ನು ಹನಿಹನಿಯಾಗಿ ಬಿಡಬೇಕು. ಸೋಪಿಲ್ಲದಿದ್ದರೆ ಅಂಟು ಒಳಗಿಳಿಯದೆ ಮೇಲೆಯೇ ಗುಂಡಾಗಿ ನಿಲ್ಲುತ್ತದೆ. ಹಳೆಯ ವಯರಿನ ತಾಮ್ರದ ಎಳೆಗಳನ್ನು ಹೊಸೆದು ಕೊಂಬೆ ಬಿಡಿಸಿದರೆ ಹುಣಸೆ ಮರ. ಹಸಿರು ಬಣ್ಣದಲ್ಲಿ ಅದ್ದಿದ ಸ್ಪಂಜಿನ ಚೂರು ಅದರ ಎಲೆ.

ಇಷ್ಟಾದರೂ ಅದು ಹೊಸದಾಗಿ, ಥಳಥಳ ಎನ್ನುತ್ತಿರುತ್ತದೆ. ನಿಜವಾದ ಹಳಿಯ ನೆತ್ತಿ ಮಾತ್ರ ಹೊಳೆಯುತ್ತದೆ, ಮಗ್ಗುಲು ತುಕ್ಕಿನ ಬಣ್ಣ. ಇಂಜಿನ್ ನಿಲ್ಲುವ ಜಾಗದ ಜಲ್ಲಿ ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಹೊಗೆ ತಾಗುವ ಕಡೆ ಮಂಗಳೂರು ಹೆಂಚು ಮಸಿ ಹಿಡಿದಿರುತ್ತದೆ. ಹೀಗೆ ಸವೆತವನ್ನು, ಕೊಳೆಯನ್ನು ನೋಡಿ ನೋಡಿ ಬಣ್ಣ ಹಚ್ಚುವ ಕಲೆಗೆ ಹೆಸರಾದವರು ಕ್ಯಾಲಿಫೋರ್ನಿಯಾದ ಜಾನ್ ಅಲೆನ್. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅವರ ಮಾದರಿ ಬೆಂಕಿಗೆ ಸಿಕ್ಕಿ ಹಾಳಾಯಿತು. ಆದರೂ ಅದು ಹೇಗಿತ್ತೆಂದು ಇಂದಿಗೂ ಜನರಿಗೆ ಗೊತ್ತು. ಕಾರಣ, ಅವರು ಅದರ ಫೋಟೋ ತೆಗೆದು, ಅದರ ಬಗ್ಗೆ ಬರೆದಿಟ್ಟಿದ್ದರು.

ಈಗ ನನ್ನ ಕೋರಿಕೆ. 1992ರಲ್ಲಿ ಯೂನಿಗೇಜ್ ಯೋಜನೆ ಶುರುವಾದ ಮೇಲೆ ದೇಶದ ಮೀಟರ್‌ಗೇಜ್ ದಾರಿಗಳು ಒಂದೊಂದಾಗಿ ಬ್ರಾಡ್‌ಗೇಜ್ ಆದವು. ನಮ್ಮೂರಿನದೂ ಆಯಿತು. ಹಾಗೆ ಆದದ್ದು ಒಳ್ಳೆಯದೇ. ಗಾಡಿ ಬದಲಿಸದೆ ದೂರದ ಊರಿಗೆ ಹೋಗುತ್ತಿದ್ದೇವೆ. ಆದರೆ ಹೆಂಚಿನ ಹಳೆಯ ನಿಲ್ದಾಣ ಹೋಯಿತು. ಈ ಶಾಲೆಯ ಮೊದಲ ಇಪ್ಪತ್ತು ವರ್ಷ ಸುತ್ತಲ ಹಳ್ಳಿಗಳ ಎಷ್ಟೋ ಮಕ್ಕಳು ಇಳಿದು ನಡೆದು ಬಂದದ್ದು ಅಲ್ಲಿಂದ. ವೈಪಿ ಇಂಜಿನ್ ನೀರು ಕುಡಿಯುತ್ತಿದ್ದ ಕಂಬ ಎಲ್ಲಿತ್ತು, ಸಿಗ್ನಲ್ಲಿನ ಸನ್ನೆಕೋಲು ಯಾವ ಕಡೆಗಿತ್ತು, ಬುಕಿಂಗ್ ಕಿಟಕಿಯ ಬಣ್ಣ ಯಾವುದು ಎಂದು ಹೇಳಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಇನ್ನು ಐವತ್ತು ವರ್ಷಕ್ಕೆ ಶತಮಾನೋತ್ಸವ. ಆಗ ಕೇಳೋಣವೆಂದರೆ ಯಾರನ್ನು ಕೇಳುವುದು?

ಆದ್ದರಿಂದ ಆ ನಿಲ್ದಾಣವನ್ನು ನಮ್ಮ ಶಾಲೆಯಲ್ಲೇ ಕಟ್ಟೋಣ. 300 ಮೀಟರ್ ಉದ್ದದ ಯಾರ್ಡು 1:87ರಲ್ಲೂ ಮೂರೂವರೆ ಮೀಟರ್ ಆಗುತ್ತದೆ. ಕಟ್ಟಡವನ್ನು ಸರಿಯಾದ ಅಳತೆಯಲ್ಲೇ ಇಟ್ಟು, ಬರಿಯ ಹಳಿಯ ಉದ್ದವನ್ನು ಮೊಟಕು ಮಾಡಿದರೆ ಎಂಟಡಿ ಮೇಜು ಸಾಕು. ನಕ್ಷೆ ಇಲ್ಲದಿದ್ದರೂ ಆದೀತು. ನಿಮ್ಮ ಮನೆಯ ಟ್ರಂಕಿನಲ್ಲಿ ಮದುವೆ ದಿಬ್ಬಣದ್ದೋ, ವರ್ಗವಾದ ಮೇಷ್ಟ್ರನ್ನು ಬೀಳ್ಕೊಟ್ಟದ್ದೋ ಫೋಟೋ ಇದ್ದರೆ ಕೊಡಿ, ಪ್ರತಿ ತೆಗೆದು ಹಿಂತಿರುಗಿಸುತ್ತೇವೆ. ಫೋಟೋದಲ್ಲಿ ಹಳಿ ಕಂಡರೆ ಅಲ್ಲಿ ಒಂದು ಮೀಟರಿನ ಅಳತೆಗೋಲು ಇದ್ದಂತೆಯೇ. ಅಷ್ಟೇ ದೂರದಲ್ಲಿರುವ ಬಾಗಿಲು, ಕಂಬಗಳ ಎತ್ತರವನ್ನು ಮಕ್ಕಳು ಲೆಕ್ಕ ಹಾಕಬಹುದು. ಹಿರಿಯರು ನೆನಪು ಹೇಳಲಿ, ಎಂಟು ಒಂಬತ್ತನೆಯ ತರಗತಿಯವರು ಅಳೆದು ಬರೆದುಕೊಳ್ಳಲಿ.

ಮುಖ್ಯೋಪಾಧ್ಯಾಯರಲ್ಲಿ ಬೇಡುವುದು ಸೋರದ ಒಂದು ಮೂಲೆ, ಒಂದು ಬೀಗ. ಹಳಿ, ಇಂಜಿನ್, ಉಪಕರಣಗಳ ಖರ್ಚು ನನ್ನದು. ತಿಂಗಳಿಗೆ ಎರಡು ಭಾನುವಾರ ಬಂದು ಮಕ್ಕಳ ಜೊತೆ ಕೂತು ಕೆಲಸ ಮಾಡುತ್ತೇನೆ. ಹಿರಿಯರು ಇಂದು ಊಟ ಮುಗಿಸಿ ಹೊರಡುವ ಮೊದಲು, ಆ ನೀರಿನ ಕಂಬ ಎಲ್ಲಿತ್ತೆಂದು ಯಾರಾದರೂ ಒಂದು ಮಗುವಿಗೆ ಹೇಳಿ ಬರೆಸಿ ಹೋಗಿ.