ಬಾಯಿಲ್ಲದವರಿಗೆ ನೀರಿಟ್ಟ ತಾತ

ಇವತ್ತು ಹಲಗೆ ಮೇಲೆ ಒಂದೇ ಒಂದು ಪದ ಬರೆದಿದ್ದೀವಿ. ಎಲ್ಲರೂ ಕೂಡಿ ಓದಿ. ಕ. ಟ್ಟೆ. ಕಟ್ಟೆ. ಸರಿಯಾಗಿ ಓದಿದಿರಿ. ಎರಡೇ ಅಕ್ಷರದ ಪದ. ಈ ಎರಡು ಅಕ್ಷರದ ಹಿಂದೆ ಒಬ್ಬ ತಾತನ ಇಡೀ ಬಾಳು ಇದೆ. ಆ ಬಾಳಿನ ಕತೆ ಹೇಳ್ತೀವಿ, ಕೇಳಿ. ಇದು ಕಟ್ಟು ಕತೆಯಲ್ಲ. ನಡೆದ ಕತೆ.

ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು. ಅಲ್ಲಿ ದಾಸನದೊಡ್ಡಿ ಅಂತ ಒಂದು ಸಣ್ಣ ಊರು. ಆ ಊರಿನ ತಾತನ ಹೆಸರು ಕಾಮೇಗೌಡರು. ಕುರಿ ಮೇಯಿಸುವುದು ಅವರ ಕಸುಬು. ಶಾಲೆಯಲ್ಲಿ ಕಲಿತವರಲ್ಲ. ದಿನಾ ಕುರಿ ಹೊಡೆದುಕೊಂಡು ಊರ ಪಕ್ಕದ ಕುಂದೂರು ಬೆಟ್ಟಕ್ಕೆ ಹೋಗುತ್ತಿದ್ದರು.

ಬೇಸಿಗೆಯಲ್ಲಿ ಬೆಟ್ಟ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸೌದೆಗೆ ಹೋದವರು ನೀವು, ಮೇಕೆ ಮೇಯಿಸಿದವರು ನೀವು. ಕಾದ ಬಂಡೆ. ಒಣಗಿದ ಹುಲ್ಲು. ಹನಿ ನೀರಿಲ್ಲ. ಒಂದು ದಿನ ಕಾಮೇಗೌಡರಿಗೆ ಬಾಯಾರಿಕೆ ತಡೆಯಲಾಗಲಿಲ್ಲ. ದೂರದ ಒಂದು ಮನೆಗೆ ನಡೆದು ಹೋಗಿ ನೀರು ಕೇಳಿ ಕುಡಿದರು. ಹೊಟ್ಟೆ ತಣ್ಣಗಾಯಿತು. ಆದರೆ ಮನಸ್ಸಿಗೆ ಒಂದು ಯೋಚನೆ ಹತ್ತಿಕೊಂಡಿತು. ನಮಗೆ ಬಾಯಿದೆ, ಕೇಳಿ ಕುಡಿದೆವು. ಕುರಿ ಯಾರನ್ನು ಕೇಳಬೇಕು? ನವಿಲು, ಮೊಲ, ಗುಬ್ಬಿ ಯಾರ ಬಾಗಿಲಿಗೆ ಹೋಗಬೇಕು?

ಇಂಥ ಯೋಚನೆ ನಮಗೂ ಬರುತ್ತೆ. ಬಂದು ಹೋಗುತ್ತೆ. ಕಾಮೇಗೌಡರಿಗೆ ಬಂದದ್ದು ಹೋಗಲಿಲ್ಲ.

ಅವರು ಬೆಟ್ಟದಲ್ಲಿ ಗುಂಡಿ ತೋಡಲು ಹೊರಟರು. ಕೈಯಲ್ಲಿ ಸರಿಯಾದ ಹತಾರವೂ ಇರಲಿಲ್ಲ. ಮೊದಮೊದಲು ಕೋಲಿನಿಂದಲೇ ಮಣ್ಣು ಕೆದಕಿದರು. ಆಮೇಲೆ ಕುರಿ ಮಾರಿ ಗುದ್ದಲಿ, ಹಾರೆ ಕೊಂಡರು. ಕುರಿ ಮೇಯುತ್ತಿದ್ದರೆ ತಾತ ಅಗೆಯುತ್ತಿದ್ದರು. ನೋಡಿದ ಜನ ಹುಚ್ಚ ಅಂದರು. ಬೆಟ್ಟದಲ್ಲಿ ಕಟ್ಟೆ ಕಟ್ಟಿದರೆ ಇವನಿಗೇನು ಬರುತ್ತೆ ಅಂತ ನಕ್ಕರು. ತಾತ ಅಗೆಯುವುದನ್ನು ಬಿಡಲಿಲ್ಲ.

ಮಳೆ ಬಂತು. ಕಟ್ಟೆ ತುಂಬಿತು. ಹಕ್ಕಿ ಬಂದು ಕೂತವು. ಅದೇ ಜನಕ್ಕೆ ಉತ್ತರ.

ಒಂದು ಕಟ್ಟೆ ಆದ ಮೇಲೆ ಇನ್ನೊಂದು. ಹೀಗೆ ಸುಮಾರು 40 ವರ್ಷ ನಡೆಯಿತು. ವಯಸ್ಸಾದ ಮೇಲೆ ಬಾಡಿಗೆ ಯಂತ್ರ ತರಿಸಿ ತೋಡಿಸಿದರು. ಪ್ರಶಸ್ತಿಯಲ್ಲಿ ಬಂದ ಹಣವನ್ನೂ ಕಟ್ಟೆಗೇ ಸುರಿದರು. ಬೆಟ್ಟದ ಮೇಲೆ ಆಲದ ಸಸಿ ನೆಟ್ಟರು. ಕೆಲವು ಕಟ್ಟೆಗೆ ಮೊಮ್ಮಕ್ಕಳ ಹೆಸರಿಟ್ಟರು. ಶಾಲೆ ಕಾಣದ ಆ ತಾತ ಬಂಡೆಗಳ ಮೇಲೆ ನೀತಿ ಮಾತು ಬರೆಸಿದರು. ತಮಗೆ ಅಕ್ಷರ ಕಲಿಸಿದವರಿಲ್ಲ. ಆದರೂ ಅಕ್ಷರ ಉಳಿಯುತ್ತೆ ಅಂತ ತಿಳಿದಿದ್ದರು.

ಇಲ್ಲಿ ಒಂದು ಲೆಕ್ಕ ಮಾಡೋಣ. ಹೋದ ವಾರ ಗುಣಾಕಾರ ಕಲಿತಿದ್ದೀವಲ್ಲ. 20 ಅಡಿ ಉದ್ದ, 20 ಅಡಿ ಅಗಲ, 5 ಅಡಿ ಆಳದ ಒಂದು ಕಟ್ಟೆ ಅಂದುಕೊಳ್ಳಿ. 20ನ್ನು 20ರಿಂದ ಗುಣಿಸಿದರೆ 400. ಅದನ್ನು 5ರಿಂದ ಗುಣಿಸಿದರೆ 2,000 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು. ಅಂದರೆ 56,000 ಲೀಟರ್. 14 ಲೀಟರ್ ಹಿಡಿಯುವ ಬಿಂದಿಗೆಯಲ್ಲಿ ಅಳೆದರೆ 4,000 ಬಿಂದಿಗೆ! ತಲೆ ಮೇಲೆ ನೀರು ಹೊತ್ತವರಿಗೇ ಗೊತ್ತು 4,000 ಬಿಂದಿಗೆಯ ಬೆಲೆ.

ಬೆಟ್ಟದ ಮೇಲೆ ಬಿದ್ದ ಮಳೆ ಓಡುತ್ತೆ. ಓಡುವಾಗ ಒಳ್ಳೆಯ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತೆ. ಕಟ್ಟೆ ಇದ್ದರೆ ನೀರು ನಿಲ್ಲುತ್ತೆ. ನಿಂತ ನೀರು ಭೂಮಿಗೆ ಇಂಗುತ್ತೆ. ಇಂಗಿದ ನೀರು ಕೆಳಗಿನ ಬಾವಿಗೆ, ಬೋರಿಗೆ ಆಗುತ್ತೆ. ಮೇಲಿನ ಕಟ್ಟೆ ಕೋಡಿ ಬಿದ್ದರೆ ಕೆಳಗಿನ ಕಟ್ಟೆಗೆ ನೀರು. ಮರದ ಬೇರು ಮಣ್ಣನ್ನು ಹಿಡಿದು ನಿಲ್ಲಿಸುತ್ತೆ. ಕಟ್ಟೆಗೆ ಮರ ಬೇಕು, ಮರಕ್ಕೆ ಕಟ್ಟೆ ಬೇಕು. ಈ ಪಾಠವನ್ನು ತಾತ ಬೆಟ್ಟದಲ್ಲೇ ಕಲಿತರು.

ಈ ಕತೆಯನ್ನು ಮೊದಲ ಸಲ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೇಳಿದರು, “ಅಲ್ಲ ಟೀಚರಮ್ಮ, ಆ ವಯ್ಯ ಬೆಟ್ಟದಲ್ಲಿ ಕಟ್ಟೆ ತೋಡ್ತಾ ಕೂತ್ರೆ ಮನೇಲಿ ಹಿಟ್ಟು ಬೇಯಿಸ್ದೋರು ಯಾರು? ಕುರಿ ಮಾರಿದ್ರೆ ಮನೆ ನಡೆಸ್ದೋರು ಯಾರು?”

ಎಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ. ಅಮ್ಮ ಕೇಳಿದ್ದು ಸರಿ. ಒಬ್ಬ ಮನುಷ್ಯ 40 ವರ್ಷ ಬೆಟ್ಟ ಅಗೆದ ಅಂದರೆ, ಅಷ್ಟೂ ವರ್ಷ ಒಲೆ ಉರಿಸಿದ ಕೈ ಇರಲೇಬೇಕು. ತಾತನ ನೆನೆದಾಗ ಆ ಕೈಯನ್ನೂ ನೆನೆಯಬೇಕು. ಅವತ್ತಿನಿಂದ ಈ ಕತೆ ಹೇಳುವಾಗ ಆ ಮಾತನ್ನೂ ಸೇರಿಸಿ ಹೇಳ್ತೀವಿ.

2020ರ ಜೂನ್ 28ರಂದು ದೇಶದ ಪ್ರಧಾನಿ ರೇಡಿಯೋ ಮಾತಿನಲ್ಲಿ ಕಾಮೇಗೌಡರ ಹೆಸರು ಹೇಳಿದರು. 16 ಕಟ್ಟೆ ಕಟ್ಟಿದವರು ಅಂತ ಹೊಗಳಿದರು. ಅದೇ ವರ್ಷ ಸರ್ಕಾರಿ ಬಸ್ಸಿನವರು ಬದುಕಿರುವವರೆಗೂ ಓಡಾಡಲು ಉಚಿತ ಪಾಸು ಕೊಟ್ಟರು. ಹುಚ್ಚ ಅನ್ನಿಸಿಕೊಂಡವರು ಕೆರೆ ಕಾಮೇಗೌಡರಾದರು. 2022ರ ಅಕ್ಟೋಬರ್ 17ರಂದು ತಾತ ತೀರಿಕೊಂಡರು. 80 ದಾಟಿದ ಜೀವ.

ತಾತ ಹೋದರು. ಇನ್ನು ಕಟ್ಟೆಯ ಗತಿ ಏನು? ಕಟ್ಟೆ ಒಂದು ಸಲ ತೋಡಿದರೆ ಮುಗಿಯಲಿಲ್ಲ. ವರ್ಷ ವರ್ಷ ಹೂಳು ತುಂಬುತ್ತೆ. ಬೇಸಿಗೆಯಲ್ಲಿ ಹೂಳೆತ್ತಬೇಕು. ಏರಿ ಒಡೆದರೆ ಮಣ್ಣು ಹಾಕಬೇಕು. ಮನೆ ಗುಡಿಸಿದ ಹಾಗೆ ಅದು. ಇವತ್ತು ಗುಡಿಸಿದೆವು ಅಂತ ನಾಳೆ ಬಿಡಲು ಆಗುತ್ತಾ? ಎಷ್ಟು ಕಟ್ಟೆ ಕಟ್ಟಿದರು ಅನ್ನುವುದು ದೊಡ್ಡದೇ. ದಿನಾ ಬೆಟ್ಟಕ್ಕೆ ಹೋಗಿ ನೋಡಿಕೊಂಡರಲ್ಲ, ಅದು ಇನ್ನೂ ದೊಡ್ಡದು.

ಇದರಲ್ಲಿ ನಮ್ಮ ತಪ್ಪೂ ಇದೆ. ಒಪ್ಪಿಕೊಳ್ತೀವಿ. ಜೂನ್ 5 ಪರಿಸರ ದಿನ. ಅವತ್ತು ಶಾಲೆಯಲ್ಲಿ ಸಸಿ ನೆಡ್ತೀವಿ. ಫೋಟೋ ತೆಗೆಸ್ಕೊಳ್ತೀವಿ. ಬೇಸಿಗೆ ರಜೆ ಬಂದರೆ ನೀರು ಹಾಕುವವರಿಲ್ಲ. ಸಸಿ ಒಣಗುತ್ತೆ. ಮುಂದಿನ ಜೂನ್ 5ಕ್ಕೆ ಅದೇ ಗುಂಡಿಗೆ ಇನ್ನೊಂದು ಸಸಿ. ಒಂದು ಗುಂಡಿಗೆ ನಾವೇ ಮೂರು ಸಸಿ ಇಟ್ಟಿದ್ದೀವಿ. ಈ ತಾತನ ಕತೆ ಓದಿದ ಮೇಲೆ ನಾಚಿಕೆ ಆಯಿತು. ಈಗ ರಜೆಯಲ್ಲಿ ಯಾವ ದಿನ ಯಾರು ನೀರು ಹಾಕಬೇಕು ಅಂತ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೀವಿ. ಮೊದಲ ಹೆಸರು ನಮ್ಮದೇ.

ನಮ್ಮೂರ ಮುಂದಿನ ಕಟ್ಟೆ ನೋಡಿ. ಯಾವ ಕಾಲದ ಹಿರಿಯರು ಕಟ್ಟಿದರೋ! ಈಗ ಅರ್ಧ ಹೂಳು, ಅರ್ಧ ಪ್ಲಾಸ್ಟಿಕ್. ಇದರ ಹೂಳೆತ್ತಿಸಿ ಅಂತ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಬಹುದು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಮುಂಚೆ ಯಾರೋ ಬರೆದ ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಿದ್ದಿರಿ. ಈಗ ನೀವೇ ಬರೆಯಬಹುದು. ಬಾಯಿಲ್ಲದ ಹಸು, ಮೇಕೆ, ಹಕ್ಕಿ ಪರವಾಗಿ ಬರೆಯಬಹುದು. ಬರೆಯುವವರೆಗೆ ಸುಮ್ಮನೆ ಕೂರುವುದೂ ಬೇಡ. ಮನೆಯ ಮುಂದೆ ನೆರಳಲ್ಲಿ ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿಡಿ. ದಿನಾ ತೊಳೆದು ಹೊಸ ನೀರು ಹಾಕಿ. ನಿಂತ ನೀರಲ್ಲಿ ಸೊಳ್ಳೆ ಆಗಬಾರದು.

ಇವತ್ತಿನ ಬರವಣಿಗೆ ಇಷ್ಟೇ. ನಿಮ್ಮ ತಾತ ಅಥವಾ ಅಜ್ಜಿಯ ಹೆಸರು ಬರೆಯಿರಿ. ಅದರ ಕೆಳಗೆ, ಅವರು ಊರಿಗೆ ಬಿಟ್ಟು ಹೋದದ್ದು ಏನು ಅಂತ ಒಂದು ಸಾಲು ಬರೆಯಿರಿ. ಮರವೋ, ಬಾವಿಯೋ, ದನಕ್ಕೆ ನೀರಿಡುವ ಕಲ್ಲು ತೊಟ್ಟಿಯೋ, ಏನಾದರೂ ಸರಿ.

ಹಿಟ್ಟು ಬೇಯಿಸಿದವರು ಯಾರು ಅಂತ ಕೇಳಿದ ಅಮ್ಮ ಅವತ್ತೇ ಬರೆದು ಕೊಟ್ಟರು. ಅಕ್ಷರ ಸೊಟ್ಟಗಿತ್ತು. ಮಾತು ನೆಟ್ಟಗಿತ್ತು. “ನಮ್ಮವ್ವ ಪಾತ್ರೆ ತೊಳೆದ ನೀರು ಹುಯ್ದು ಬೇವಿನ ಮರ ಬೆಳೆಸಿದಳು. ಈಗ ಅದರ ನೆರಳಲ್ಲಿ ಬಸ್ಸಿಗೆ ಕಾಯ್ತಾರೆ.”

ಇಷ್ಟು ದಿನ ಆ ನೆರಳಲ್ಲಿ ನಾವೂ ನಿಂತಿದ್ದೆವು. ಮರ ಯಾರದು ಅಂತ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ನಿಮ್ಮ ಸಾಲನ್ನೂ ಬರೆದು ತನ್ನಿ. ಕಾಯ್ತಿರ್ತೀವಿ.