ಬಿಡುವ ಮನಸ್ಸುಳ್ಳವನಿಗೆ ಬಾಗಿಲು ತೆರೆದಿರಲಿ

(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕುಡಿತದಿಂದ ಮನೆ ಹಾಳಾಗುವುದೆಂದು ನಾನು ತಮಗೆ ಹೇಳಬೇಕಾಗಿಲ್ಲ. ಹೊಲ ಹೋದುದನ್ನೂ ಎತ್ತು ಮಾರಿದುದನ್ನೂ ತಾವೇ ಕಣ್ಣಾರೆ ಕಂಡಿದ್ದೀರಿ. ಬಿಡಬೇಕೆಂದು ಮನಸ್ಸು ಮಾಡಿಯೂ ಆಸರೆ ಸಿಗದವರ ವಿಷಯವಾಗಿ ನಾಲ್ಕು ಮಾತು ಹೇಳಲು ಬಂದಿದ್ದೇನೆ.

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬುವರೂ ಬಾಬ್ ಸ್ಮಿತ್ ಎಂಬ ವೈದ್ಯರೂ ಸಂಧಿಸಿದರು. ಇಬ್ಬರೂ ಕುಡಿತಕ್ಕೆ ಸಿಕ್ಕವರೇ. ಕಷ್ಟವನ್ನು ಒಬ್ಬರಿಗೊಬ್ಬರು ಹೇಳಿಕೊಂಡರೆ ಕುಡಿಯದೆ ದಿನ ಕಳೆಯಬಹುದೆಂದು ಕಂಡುಕೊಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿದ್ದು ಹೀಗೆ. ನಮ್ಮ ದೇಶದಲ್ಲಿಯೂ ಇಂಥ ಕೂಟಗಳಿವೆ. ಚಂದಾ ಇಲ್ಲ; ಬಿಡುವ ಆಸೆಯೊಂದಿದ್ದರೆ ಸಾಕು. ಅಲ್ಲಿ ಕೇಳಿದ ಮಾತು ಹೊರಗೆ ಹೋಗಕೂಡದು.

ಆದರೆ ಟ್ರಾಕ್ಟರ್ ಮಗುಚಿ ಕಾಲು ಕಳೆದುಕೊಂಡ ರೈತನೊಬ್ಬನನ್ನು ನೆನೆಯಿರಿ. ನೋವು ಮರೆಯಲು ಕುಡಿಯತೊಡಗಿದ, ಈಗ ಬಿಡಬೇಕೆನ್ನುತ್ತಾನೆ. ಕೂಟ ನಡೆಯುವುದು ಮಹಡಿಯ ಮೇಲೆ. ಮೆಟ್ಟಿಲ ಬುಡದಿಂದ ಹಿಂತಿರುಗಿದವನಿಗೆ ಹೆಂಡದಂಗಡಿಯ ಬಾಗಿಲು ಮಾತ್ರ ನೆಲಮಟ್ಟದಲ್ಲೇ ಇರುತ್ತದೆ! ಇದು ಯಾರ ತಪ್ಪು?

ಇದಕ್ಕೆ ಪರಿಹಾರ ಕಷ್ಟವಲ್ಲ. ಕೂಟವನ್ನು ಕೆಳಗಿನ ಕೋಣೆಯಲ್ಲಿ ಸೇರಿಸಿರಿ. ಜಗಲಿ ಒಂದು ಅಡಿ ಎತ್ತರವಿದ್ದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಕಟ್ಟಿರಿ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಏರುವುದು ಕಷ್ಟ. ಕೊನೆಯ ಬಸ್ಸಿಗೆ ಮುಂಚೆ ಕೂಟ ಮುಗಿಯಲಿ.

ಕಣ್ಣು ಕಾಣದವರು ಬಂದಾಗ ಪ್ರತಿಯೊಬ್ಬರೂ ದನಿಯೆತ್ತಿ ತಾವಲ್ಲಿರುವುದನ್ನು ತಿಳಿಸಲಿ. ಹಂಚುವ ಕಾಗದವನ್ನು ಓದಿ ಹೇಳಲಿ. ಎದುರಿಗಿರುವವರು ಯಾರೆಂದು ತಿಳಿಯದೆ ಯಾರು ತಾನೇ ಮನಸ್ಸು ಬಿಚ್ಚಿಯಾರು?

ಕಿವಿ ಕೇಳದವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸನ್ನೆ ಭಾಷೆ ಬಲ್ಲವರೊಬ್ಬರು ಬೇಕು. ಮಗನನ್ನೋ ಹೆಂಡತಿಯನ್ನೋ ಕೂರಿಸಿದರಾಯಿತೆಂದು ತಿಳಿಯಬೇಡಿ. ಸಾಲ ಮಾಡಿ ಕುಡಿದುದನ್ನು, ಮನೆಯಲ್ಲಿ ಕೈಯೆತ್ತಿದುದನ್ನು ಆತ ಅವರ ಮುಂದೆಯೇ ಹೇಗೆ ಹೇಳಿಯಾನು? ಹೊರಗಿನವರೇ ಬರಲಿ, ಗುಟ್ಟು ಕಾಯುವ ನಿಯಮ ಅವರಿಗೂ ಇರಲಿ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಮಾತಾಡುವವರ ಮುಖದ ಮೇಲೆ ಬೆಳಕಿರಲಿ.

ತಿಳಿವಳಿಕೆ ನಿಧಾನವಾದವರಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿರಿ. ಮನೆಯಿಂದ ಹೊರಡಲಾರದವರ ಬಳಿಗೆ, ಅವರು ಒಪ್ಪಿದರೆ, ಇಬ್ಬರು ಹೋಗಿ ಬರಲಿ.

ಇನ್ನೊಂದು ಎಚ್ಚರಿಕೆ: ಬಹಳ ದಿನಗಳಿಂದ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಬಹುದು, ಫಿಟ್ಸ್ ಬರಬಹುದು, ಬುದ್ಧಿ ಕಲಕಬಹುದು, ಪ್ರಾಣಕ್ಕೂ ಅಪಾಯವುಂಟು. ಮೊದಲು ವೈದ್ಯರಿಗೆ ತೋರಿಸಿರಿ. ಫಿಟ್ಸಿಗೋ ನೋವಿಗೋ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡೆಂದು ಕೂಟದವರು ಹೇಳಕೂಡದು.

ಅಂಗವಿಕಲರ ಹಕ್ಕುಗಳಿಗಾಗಿ 2016ರಲ್ಲಿ ಕಾಯಿದೆಯೇ ಆಗಿದೆ. ಆದ್ದರಿಂದ ಇದನ್ನು ದಾನವೆಂದು ಎಣಿಸಬೇಡಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿರಿ. ಚಟ ಬಿಡಿಸುವ ಸಲಹೆಗೆ 14446 ಸಂಖ್ಯೆಗೆ ದುಡ್ಡಿಲ್ಲದೆ ಫೋನ್ ಮಾಡಬಹುದು.

ಎಲ್ಲಕ್ಕೂ ಮೊದಲು, 'ನೀವು ಬರಲು ಏನು ಅನುಕೂಲ ಬೇಕು?' ಎಂದು ಅವರನ್ನೇ ಕೇಳಿರಿ. ಅದಕ್ಕೆ ಕಾಸು ಖರ್ಚಿಲ್ಲ.